ಪದ ಪರಿಚಯ: ಮಿಶ್ರಣ

ಪುಣೆಯ ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳಲ್ಲಿರುವ ನಮ್ಮ ಎಂಜಿನಿಯರುಗಳು ಕೊಳವೆಯೊಳಗಿನ ಸ್ಟ್ಯಾಟಿಕ್ ಮಿಕ್ಸರುಗಳ (ತಾವು ಅಲುಗದೆ ಹರಿವನ್ನೇ ತಿರುಗಿಸಿ ಬೆರೆಸುವ ಸಾಧನಗಳ) ಬಗ್ಗೆ ಕನ್ನಡದಲ್ಲಿ ಬರೆಯುತ್ತಿರುವುದು ಸಂತೋಷವೇ. ಆದರೆ ಸಿಎಫ್‌ಡಿ (ಹರಿವನ್ನು ಗಣಕದಲ್ಲಿ ಲೆಕ್ಕ ಮಾಡಿ ತೋರಿಸುವ ವಿಧಾನ) ಚಿತ್ರದಲ್ಲಿ ಸುಳಿ ಕಂಡೊಡನೆ ಅದರ ಕೆಳಗೆ ‘ಉತ್ತಮ ಮಿಶ್ರಣ’ ಎಂದು ಬರೆದುಬಿಡುವುದನ್ನು ಈ ತಿಂಗಳಲ್ಲಿ ನಾಲ್ಕನೆಯ ಸಲ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಸುಳಿ ತೋರಿಸುವುದು ಕಲಕುವಿಕೆಯನ್ನು, ಬೆರೆತದ್ದನ್ನಲ್ಲ.

ಈ ಭೇದವನ್ನು ಕನ್ನಡದ ಕ್ರಿಯಾಪದಗಳೇ ಚೆನ್ನಾಗಿ ಬಲ್ಲವು. ಕೆರೆಯನ್ನು ಕಲಕಿದರೆ ಕೆಸರೇಳುತ್ತದೆ, ಬಿಟ್ಟರೆ ತಳಕ್ಕಿಳಿಯುತ್ತದೆ. ಕದಡುವುದೂ ಅದೇ ಜಾತಿಯದು. ಕಡೆಯುವುದಂತೂ ತೀರ ವಿರುದ್ಧ, ಏಕೆಂದರೆ ಮೊಸರನ್ನು ಅಷ್ಟು ಹೊತ್ತು ತಿರುವಿದ ಫಲವಾಗಿ ಬೆಣ್ಣೆ ಬೇರೆಯಾಗುತ್ತದೆ. ಇವೆಲ್ಲ ಕೈ ಮಾಡಿದ ಕೆಲಸದ ಹೆಸರುಗಳು. ‘ಬೆರೆ’ ಎಂಬುದು ವಸ್ತುವಿಗೆ ಒದಗಿದ ಸ್ಥಿತಿಯ ಹೆಸರು. ‘ಎಷ್ಟು ಕಲಕಿದರೂ ಬೆರೆಯಲಿಲ್ಲ’ ಎಂಬ ಮಾತಿಗೆ ಅರ್ಥವಿದೆ, ‘ಎಷ್ಟು ಬೆರೆತರೂ ಕಲಕಲಿಲ್ಲ’ ಎಂಬುದಕ್ಕಿಲ್ಲ. ಹಾಲಿಗೆ ನೀರು ಸೇರಿಸುವುದನ್ನು ನಾವು ಕಲಬೆರಕೆ ಎಂದು ಬಯ್ಯುತ್ತೇವೆ. ನೀತಿಯನ್ನು ಬದಿಗಿಟ್ಟರೆ ಅದು ಅಪ್ಪಟ ಮಿಶ್ರಣ, ಯಾವ ಲೋಟದಲ್ಲಿ ನೋಡಿದರೂ ಅದೇ ಪ್ರಮಾಣ. ಇಲ್ಲಿನ ಮರಾಠಿಯಲ್ಲೂ ‘ಢವಳಣೆ’ (ಕಲಕುವುದು) ಬೇರೆ, ‘ಮಿಸಳಣೆ’ (ಬೆರೆಸುವುದು) ಬೇರೆ.

ಕೆನಿಕ್ಸ್ ಮಾದರಿಯ ಮಿಕ್ಸರಿನಲ್ಲಿ 180 ಡಿಗ್ರಿ ತಿರುಚಿದ ಪಟ್ಟಿಗಳು ಒಂದು ಎಡಕ್ಕೆ, ಮುಂದಿನದು ಬಲಕ್ಕೆ, ಒಂದರ ತುದಿಗೆ ಇನ್ನೊಂದರ ಅಂಚು 90 ಡಿಗ್ರಿ ತಿರುಗಿ ಕೂತಿರುತ್ತವೆ. ಪ್ರತಿ ಪಟ್ಟಿಯೂ ಹರಿವನ್ನು ಸೀಳುವುದರಿಂದ ಪದರಗಳು ಇಮ್ಮಡಿಯಾಗುತ್ತ 10 ಪಟ್ಟಿ ದಾಟುವಷ್ಟರಲ್ಲಿ 1024 ಆಗುತ್ತವೆ. ರೆನಾಲ್ಡ್ಸ್ ಸಂಖ್ಯೆ (ಹರಿವಿನ ರಭಸಕ್ಕೂ ದ್ರವದ ಅಂಟುತನಕ್ಕೂ ಇರುವ ಅನುಪಾತ) 10ರಷ್ಟಿರುವ ಗಟ್ಟಿ ರಾಳವೂ ಹೀಗೆ ಬೆರೆಯುತ್ತದೆ, ಅಲ್ಲಿ ಪ್ರಕ್ಷುಬ್ಧತೆಯ (ಅಸ್ತವ್ಯಸ್ತ ಹರಿವಿನ) ಸುಳಿವೇ ಇರುವುದಿಲ್ಲ. ತದ್ವಿರುದ್ಧವಾಗಿ, ಹರಿವಿನ ಒಡಲೆಲ್ಲ ಒಂದೇ ದಿಕ್ಕಿಗೆ ಗಿರಗಿರ ತಿರುಗಿದರೆ ಚಿತ್ರ ಸೊಗಸಾಗಿರುತ್ತದೆ, ನಡುವಿನ ದ್ರವ ಮಾತ್ರ ಬಂದಂತೆಯೇ ಹೋಗುತ್ತದೆ.

ಹಾಗಾಗಿ ಎರಡು ವಿನ್ಯಾಸಗಳನ್ನು ಹೋಲಿಸುವವರು ನಿರ್ಗಮದ ಅಡ್ಡಕೊಯ್ತದಲ್ಲಿ ಸಾಂದ್ರತೆಯ (ಬೆರೆಸಿದ ವಸ್ತುವಿನ ಪ್ರಮಾಣದ) ಮಾನಕ ವಿಚಲನೆಯನ್ನು, ಎಂದರೆ ಅದು ಸರಾಸರಿಯಿಂದ ಎಷ್ಟು ಆಚೀಚೆಯಿದೆ ಎಂಬ ಅಳತೆಯನ್ನು, ಸರಾಸರಿಯಿಂದ ಭಾಗಿಸಿ ಹೇಳಬೇಕು, ಅದು 0.05ಕ್ಕೆ ಇಳಿದರೆ ಸಾಮಾನ್ಯವಾಗಿ ಸಾಕೆನ್ನುತ್ತಾರೆ. ಜೊತೆಗೆ ಒತ್ತಡದ ಇಳಿಕೆಯನ್ನೂ ಕೊಡಬೇಕು. ಪದರಹರಿವಿನಲ್ಲಿ (ಪ್ರಕ್ಷುಬ್ಧತೆಯಿಲ್ಲದ ಹರಿವಿನಲ್ಲಿ) ಕೆನಿಕ್ಸ್ ಖಾಲಿ ಕೊಳವೆಯ ಸುಮಾರು 7 ಪಟ್ಟು ಒತ್ತಡ ತಿನ್ನುತ್ತದೆ. ಒಂದಕ್ಕೊಂದು ಅಡ್ಡಹಾಯುವ ಸರಳುಗಳ ಎಸ್‌ಎಂಎಕ್ಸ್ ಮಿಕ್ಸರು ಇನ್ನೂ ಗಿಡ್ಡ ಉದ್ದದಲ್ಲಿ ಬೆರೆಸುತ್ತದೆ, ಆದರೆ ಸುಮಾರು 37 ಪಟ್ಟು ಕೇಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಜಾಲರಿ, ಎಂದರೆ ಗಣಕದ ಲೆಕ್ಕಕ್ಕಾಗಿ ಕೊಳವೆಯ ಒಳಗನ್ನು ಹೋಳುಮಾಡಿದ ಕೋಶಗಳ ಬಲೆ. ದಪ್ಪ ಕೋಶಗಳ ಮೇಲೆ ಮೊದಲ ದರ್ಜೆಯ ಅಪ್‌ವಿಂಡ್ ಕ್ರಮದಲ್ಲಿ (ಹರಿವು ಬರುವ ಕಡೆಯ ಕೋಶದ ಬೆಲೆಯನ್ನೇ ಹಿಡಿಯುವ ಸರಳ ವಿಧಾನದಲ್ಲಿ) ಲೆಕ್ಕ ಮಾಡಿದರೆ ಕೋಶದೊಳಗಿನ ಸಾಂದ್ರತೆ ಸರಾಸರಿಯಾಗುತ್ತ, ಲೋಹದ ಪಟ್ಟಿ ಬೆರೆಸದಿದ್ದದ್ದನ್ನು ಗಣಕವೇ ಬೆರೆಸಿಬಿಡುತ್ತದೆ; ಇದಕ್ಕೆ ಸಂಖ್ಯಾತ್ಮಕ ವಿಸರಣ ಎಂದು ಹೆಸರು. ವರದಿ ಬರೆಯುವ ಮೊದಲು ಅಷ್ಟೇ ದಪ್ಪದ, ಕೋಶಗಳು ಹರಿವಿಗೆ ಓರೆಯಾಗಿರುವ ಜಾಲರಿಯಿಂದ, ಅದೇ ಕ್ರಮದಿಂದ, ಮಿಕ್ಸರಿಲ್ಲದ ನೇರ ಕೊಳವೆಯಲ್ಲಿ ಎರಡು ಬಣ್ಣದ ಗಟ್ಟಿ ದ್ರವಗಳನ್ನು ಅಕ್ಕಪಕ್ಕ ಹರಿಸಿ ನೋಡಿ, ನಡುವಿನ ಗೆರೆ ತುದಿಯಲ್ಲಿ ಎಷ್ಟು ಮಸುಕಾಗಿದೆಯೆಂದು ಅಳೆದು, ಆ ಸಂಖ್ಯೆಯನ್ನೂ ಚಿತ್ರದ ಕೆಳಗೆ ಬರೆಯಿರಿ.