ಮೈಕಿನಲ್ಲಿ ಕೂಗಿದ ಹೆಸರು, ಮೊಬೈಲಿಗೆ ಬಂದ ದುಡ್ಡು

ನಮ್ಮ ಕಡೆ ನಾಟಕ, ಪಾರಿಜಾತ (ಕೃಷ್ಣ, ಸತ್ಯಭಾಮೆಯರ ಕತೆಯ ಬಯಲಾಟ), ಗೀಗೀ ಪದ ನೋಡಿದವರಿಗೆ ಇದು ಗೊತ್ತಿರುತ್ತದೆ. ಆಟ ನಡುವೆ ಒಂದು ಗಳಿಗೆ ನಿಲ್ಲುತ್ತದೆ. ಇಂಥ ಊರಿನ ಇಂಥವರಿಂದ 101 ರೂಪಾಯಿ ಕಲಾಕಾಣಿಕೆ ಎಂದು ಒಬ್ಬರು ಮೈಕಿನಲ್ಲಿ ಕೂಗುತ್ತಾರೆ. ಕೊಟ್ಟವರ ಹೆಸರು ಊರಿಗೆಲ್ಲ ಕೇಳುತ್ತದೆ. ಅದೇ ರಸೀದಿ, ಅದೇ ಮರ್ಯಾದೆ.

ನಾನು ಬಾಗಲಕೋಟೆಯಲ್ಲಿ ಸಂಘ, ಟ್ರಸ್ಟ್‌ಗಳ ಲೆಕ್ಕಪತ್ರ ನೋಡುವ ಕೆಲಸ ಮಾಡುತ್ತೇನೆ. ನನ್ನ ಹತ್ತಿರ ಬರುವವರು ಬಹಳ ಮಂದಿ ಚಿಕ್ಕ ಸಂಘದವರು. ಭಜನಾ ಮಂಡಳಿ, ಹವ್ಯಾಸಿ ನಾಟಕ ತಂಡ, ಪಾರಿಜಾತ ಮೇಳ, ಓಣಿಯ ವಾಚನಾಲಯ, ಹೀಗೆ. ಈಗೀಗ ಎಲ್ಲರದೂ ಒಂದೇ ಮಾತು: "ಮಂದಿ ಮೊದಲಿನಂಗ ಕೊಡೂದಿಲ್ರಿ, ಕೆಲಸಕ್ಕೂ ಬರೂದಿಲ್ಲ." ಅವರ ಖಾತೆ ಪುಸ್ತಕ ತೆಗೆದು ನೋಡಿದಾಗ ನನಗೆ ಕಾಣುವುದು ಬೇರೆ. ಮಂದಿ ಕೊಡುತ್ತಿದ್ದಾರೆ. ಕೊಡುವ ದಾರಿ ಬದಲಾಗಿದೆ, ಕೊಡುವ ಹೊತ್ತೂ ಬದಲಾಗಿದೆ. ನಾವು ಕೇಳುವ ರೀತಿ ಮಾತ್ರ ಹಾಗೇ ಉಳಿದಿದೆ.

ಪಟ್ಟಿ ಎತ್ತುವುದು, ಅಂದರೆ ಮನೆ ಮನೆಗೆ ಹೋಗಿ ಚಂದಾ ಕೂಡಿಸುವುದು, ಓಣಿಯ ಕೆಲಸವಾಗಿತ್ತು. ನಾಲ್ಕು ಜನ ಹಿರಿಯರು ಪುಸ್ತಕ ಹಿಡಿದು ಹೊರಟರೆ ಒಂದು ಸಂಜೆಗೆ ಓಣಿ ಮುಗಿಯುತ್ತಿತ್ತು. ಮೊದಲ ಮನೆಯವರು ಎಷ್ಟು ಬರೆದರು ಅಂತ ನೋಡಿ ಎರಡನೆಯವರು ಬರೆಯುತ್ತಿದ್ದರು. ಆಮೇಲೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂತು. ಹಳೆ ಬಾಗಲಕೋಟೆಯ ಎಷ್ಟೋ ಮನೆಗಳವರು ನವನಗರದ ಸೆಕ್ಟರ್‌ಗಳಿಗೆ ಹೋದರು, ಗೋಡೆಗೆ ಗೋಡೆ ಹತ್ತಿಕೊಂಡಿದ್ದವರು ಬೇರೆ ಬೇರೆ ದಿಕ್ಕಿಗೆ ಬಿದ್ದರು. ಅವರ ಮಕ್ಕಳು ಈಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಊರಿನ ಆಟದ ಮೇಲೆ ಅವರಿಗೆ ಪ್ರೀತಿ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ತಾಲೀಮಿನ ಎರಡು ನಿಮಿಷದ ವಿಡಿಯೊ ವಾಟ್ಸಾಪ್‌ಗೆ ಹಾಕಿ ನೋಡಿ. ರಾತ್ರಿ 11ಕ್ಕೆ 500 ರೂಪಾಯಿ ಬಂದಿರುತ್ತದೆ.

ಬರುವುದು ಎಲ್ಲಿಗೆ ಅನ್ನುವುದೇ ತೊಂದರೆ. ಒಂದು ಸಂಘದವರು ಕಾರ್ಯದರ್ಶಿಯ ಸ್ವಂತ ಖಾತೆಯ ಕ್ಯೂಆರ್ ಕೋಡನ್ನೇ ಬ್ಯಾನರಿಗೆ ಹಚ್ಚಿದ್ದರು. ವರ್ಷ ಮುಗಿಯುವ ಹೊತ್ತಿಗೆ ಹಾಲಿನ ದುಡ್ಡು, ಮಗಳ ಫೀ, ದೇಣಿಗೆ ಎಲ್ಲ ಒಂದರೊಳಗೊಂದು ಕೂಡಿಹೋಗಿತ್ತು. ಆ ಮನುಷ್ಯ ಸಂಘದ ಒಂದು ರೂಪಾಯಿಯನ್ನೂ ಮುಟ್ಟಿರಲಿಲ್ಲ. ನಾವಿಬ್ಬರೂ ನಾಲ್ಕು ದಿನ ಕೂತು ಸಾಲು ಸಾಲು ಬೇರೆ ಮಾಡಿದೆವು. ಆದರೂ ಸಭೆಯಲ್ಲಿ ಯಾರೋ ಅನುಮಾನದ ಮಾತಾಡಿದರು. ಕಾರ್ಯದರ್ಶಿ ಎದ್ದು ಹೋದವರು ಮತ್ತೆ ಬರಲಿಲ್ಲ. ಇಪ್ಪತ್ತು ವರ್ಷ ಪರದೆ ಕಟ್ಟಿದ ಕೈ ಅದು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಅದಕ್ಕೇ ಬಂದವರಿಗೆಲ್ಲ ಮೊದಲು ಇದನ್ನೇ ಹೇಳುತ್ತೇನೆ: ಸಂಘದ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ಸಂಘದ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆಗೆಯಿರಿ, ಆ ಖಾತೆಯ ಕ್ಯೂಆರ್ ಕೋಡ್ ಮಾತ್ರ ಹಚ್ಚಿ.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ಫೋನಿನಲ್ಲಿ ಬಂದ ದುಡ್ಡಿಗೆ ದನಿ ಇಲ್ಲ. ಪುಣೆಯಲ್ಲಿ ಕೂತು 500 ಹಾಕಿದ ಹುಡುಗನ ಹೆಸರನ್ನು ಯಾರೂ ಕೂಗುವುದಿಲ್ಲ. ಮುಂದಿನ ವರ್ಷ ಅವನು ಮರೆತರೆ ತಪ್ಪು ಅವನದಲ್ಲ, ಅಲ್ವಾ? ಮುಧೋಳ ಕಡೆಯ ಒಂದು ಮೇಳದವರು ಇದಕ್ಕೆ ಒಳ್ಳೆಯ ದಾರಿ ಹುಡುಕಿದ್ದಾರೆ. ಫೋನಿಗೆ ಬಂದ ಹೆಸರುಗಳನ್ನೂ ಚೀಟಿಯಲ್ಲಿ ಬರೆದು ಮೈಕಿನಲ್ಲೇ ಓದುತ್ತಾರೆ, ಅದನ್ನು ರೆಕಾರ್ಡ್ ಮಾಡಿ ಕೊಟ್ಟವರಿಗೆ ಕಳಿಸುತ್ತಾರೆ. ಸುಮ್ನೆ ದೇಣಿಗೆ ಕೊಡಿ ಅಂತ ಕೇಳುವುದನ್ನೂ ಬಿಟ್ಟಿದ್ದಾರೆ. ಭಾಮೆಗೆ ಹೊಸ ಸೀರೆ ಬೇಕು, ಹಾರ್ಮೋನಿಯಂ ರಿಪೇರಿ ಮಾಡಿಸಬೇಕು, ಇಷ್ಟು ಬೀಳುತ್ತದೆ ಅಂತ ಕೇಳುತ್ತಾರೆ. ರಿಪೇರಿ ಆದ ಪೆಟ್ಟಿಗೆಯ ಸ್ವರವನ್ನು ಅರ್ಧ ನಿಮಿಷ ನುಡಿಸಿ ಕಳಿಸುತ್ತಾರೆ. ದುಡ್ಡು ಎಲ್ಲಿ ಹೋಯಿತು ಅಂತ ಕಿವಿಗೇ ಕೇಳಿದ ಮೇಲೆ ಇನ್ನೇನು ಬೇಕು?

ಹೊತ್ತಿನ ಮಾತಿಗೆ ಬರುತ್ತೇನೆ. ವಿಜಯಪುರದ ಒಣಭೂಮಿಯ ಊರುಗಳಲ್ಲಿ ರಾಶಿಯ ದಿನಗಳಲ್ಲಿ ಹೋದರೆ ಚೀಲ ಜೋಳ ಸಿಗುತ್ತಿತ್ತು, ಕಣದಲ್ಲೇ ಅಳೆದು ಹಾಕುತ್ತಿದ್ದರು. ನೀರಾವರಿ ಆದ ಕಡೆ ಈಗ ಕಬ್ಬು. ಜಮಖಂಡಿ, ಮುಧೋಳ, ಚಿಕ್ಕೋಡಿ, ಗೋಕಾಕ ಕಡೆ ರೈತರ ಕೈಯಲ್ಲಿ ದುಡ್ಡು ಆಡುವುದು ಸಕ್ಕರೆ ಕಾರ್ಖಾನೆಯ ಬಿಲ್, ಅಂದರೆ ಕಬ್ಬಿನ ದುಡ್ಡು, ಖಾತೆಗೆ ಜಮಾ ಆದಾಗ. ಬಿಲ್ ಬರುವ ಮೊದಲೇ ಜಾತ್ರೆ ಬಂತು ಅಂತ ಪಟ್ಟಿ ಹಿಡಿದು ಹೋದರೆ ಅವರು ಪಾಪ ಏನು ಕೊಡಬೇಕು? ಇಲ್ಲ ಅನ್ನಲು ನಾಚಿಕೆಪಟ್ಟು 50 ಬರೆಯುತ್ತಾರೆ. ಬಿಲ್ ಬಂದ ವಾರ ಹೋಗಿ. ನೌಕರಿ ಇದ್ದವರನ್ನು ವರ್ಷಕ್ಕೊಮ್ಮೆ 1200 ಕೇಳುವುದಕ್ಕಿಂತ ತಿಂಗಳ ಮೊದಲ ವಾರದಲ್ಲಿ 100 ಕೇಳಿ. ಯುಪಿಐನಲ್ಲಿ ಆಟೊಪೇ ಇದೆ, ಒಮ್ಮೆ ಒಪ್ಪಿದರೆ ತಾನಾಗೇ ಬರುತ್ತದೆ.

ತೆರಿಗೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂಗಳ ಸಂಖ್ಯೆ ಬದಲಾಗಿದೆ, ಆದರೂ ದೇಣಿಗೆಯ ರಿಯಾಯಿತಿಯ ಕಲಮನ್ನು ಎಲ್ಲರೂ ಹಳೆಯ ಹೆಸರಿನಲ್ಲಿ 80ಜಿ ಅಂತಲೇ ಕರೆಯುತ್ತೇವೆ. ಆ ಮಾನ್ಯತೆ ಇದ್ದ ಸಂಘಕ್ಕೆ ದೇಣಿಗೆ ಕೊಟ್ಟವರಿಗೆ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಇದೆ. ಆದರೆ 2000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಆ ರಿಯಾಯಿತಿ ಸಿಗುವುದಿಲ್ಲ. 2023-24ರಿಂದ, ಹಳೆಯದನ್ನು ಆರಿಸಿಕೊಳ್ಳದಿದ್ದರೆ, ಹೊಸ ತೆರಿಗೆ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ, ಅದರಲ್ಲಿ ಈ ರಿಯಾಯಿತಿ ಇಲ್ಲ. ಹಾಗಾಗಿ ತೆರಿಗೆ ಉಳಿಯುತ್ತದೆ ಕೊಡಿ ಅನ್ನುವ ಮಾತು ಈಗ ಬಹಳ ಮಂದಿಗೆ ಹತ್ತುವುದಿಲ್ಲ. ಅದನ್ನೇ ನಂಬಿ ಕೂತ ಸಂಘಗಳು ಕಲೆಯ ಮೇಲಿನ ಪ್ರೀತಿಯನ್ನೇ ಹಿಡಿದು ಕೇಳುವುದನ್ನು ಮತ್ತೆ ಕಲಿಯಬೇಕಾಗಿದೆ.

ಇನ್ನು ತಟ್ಟೆ, ಹುಂಡಿ. ಯಾರು ಕೊಟ್ಟರು ಅಂತ ಹೆಸರು, ವಿಳಾಸ ಇಲ್ಲದ ದೇಣಿಗೆ ಮಿತಿ ದಾಟಿದರೆ ಅದರ ಮೇಲೆ 30% ತೆರಿಗೆ ಬೀಳುತ್ತದೆ. ಆ ಮಿತಿ ವರ್ಷಕ್ಕೆ 1 ಲಕ್ಷ, ಇಲ್ಲವೇ ಒಟ್ಟು ದೇಣಿಗೆಯ 5%, ಯಾವುದು ಜಾಸ್ತಿಯೋ ಅದು. ಚಿಕ್ಕ ಸಂಘ ಅಷ್ಟು ದೂರ ಹೋಗುವುದು ಅಪರೂಪ. ಆದರೆ ಹೆಸರು ಬರೆದುಕೊಳ್ಳುವ ರೂಢಿ ಇವತ್ತೇ ಬೆಳೆಸಿಕೊಳ್ಳಿ.

ಸಕ್ಕರೆ ಕಾರ್ಖಾನೆಯ ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ದುಡ್ಡು, ತರೋಣ ಅಂತ ಬರುವವರೂ ಇದ್ದಾರೆ. ಕಾನೂನಿನ ಪ್ರಕಾರ ಲಾಭದ 2% ಖರ್ಚು ಮಾಡಬೇಕಾದವರು ದೊಡ್ಡ ಕಂಪನಿಗಳು. ಕಲೆ, ಪರಂಪರೆ, ಸಾರ್ವಜನಿಕ ಗ್ರಂಥಾಲಯ ಆ ಪಟ್ಟಿಯಲ್ಲಿವೆ, ನಿಜ. ಆದರೆ ಸಹಕಾರಿ ಕಾರ್ಖಾನೆ ಕಂಪನಿಯಲ್ಲ, ಈ ನಿಯಮ ಅದಕ್ಕೆ ಇಲ್ಲ. ಕಂಪನಿಯ ಬಾಗಿಲಿಗೆ ಹೋಗುವುದಾದರೂ ನಿಮ್ಮ ಸಂಘಕ್ಕೆ 3 ವರ್ಷದ ಕೆಲಸದ ದಾಖಲೆ, ಬೇರೆ ನೋಂದಣಿ ಬೇಕು. ಅದು ಇಲ್ಲದೆ ಓಡಾಡಿ ಕಾಲು ಸವೆಸಬೇಡಿ.

ಕೈಗಳ ಲೆಕ್ಕ ದುಡ್ಡಿನ ಲೆಕ್ಕಕ್ಕಿಂತ ಕಷ್ಟ. ಗುಳೇದಗುಡ್ಡ, ಬನಹಟ್ಟಿ ಕಡೆ ಹಗಲೆಲ್ಲ ಮಗ್ಗದ ಮುಂದೆ ಕೂತವರು ರಾತ್ರಿ ತಾಲೀಮಿಗೆ ಬರುತ್ತಿದ್ದರು, ಆಟದ ದಿನ ಕಂಬ ಹುಗಿಯುವುದರಿಂದ ಹಿಡಿದು ಬಣ್ಣ ಹಚ್ಚುವವರೆಗೂ ಅವರೇ ಮಾಡುತ್ತಿದ್ದರು. ಹಾಗೆ ಪೂರ್ತಿ ಕೊಟ್ಟುಕೊಳ್ಳುವವರು ಈಗ ಸಿಗುವುದು ಕಷ್ಟ. ಮೊನ್ನೆ ನನ್ನೆದುರೇ ಒಬ್ಬ ಹುಡುಗ ಅಧ್ಯಕ್ಷರಿಗೆ ಹೇಳಿದ: "ಕಾಕಾ, ದಿನಪೂರ್ತಿ ಬರಾಕ ಆಗೂದಿಲ್ರಿ. ಸಂಜಿಮುಂದ ಎರಡ ತಾಸ ಕೊಡ್ತೀನಿ, ಏನ ಮಾಡ್ಲಿ ಹೇಳ್ರಿ." ಕಾಕಾಗೆ ಉತ್ತರ ಹೊಳೆಯಲಿಲ್ಲ, ಯಾಕೆಂದರೆ ಎರಡು ತಾಸಿನ ಕೆಲಸ ಅಂತ ಅವರು ಯಾವತ್ತೂ ಯೋಚಿಸಿರಲಿಲ್ಲ. ಆಮೇಲೆ ಕೂತು ಇಡೀ ಆಟದ ಕೆಲಸವನ್ನು ಚೀಟಿ ಚೀಟಿ ಮಾಡಿದೆವು. ಖುರ್ಚಿ ಹಾಕುವುದು ಒಂದು, ವಿಡಿಯೊ ತೆಗೆಯುವುದು ಒಂದು, ರಸೀದಿ ಬರೆಯುವುದು ಒಂದು, ಕಲಾವಿದರಿಗೆ ಊಟ ಬಡಿಸುವುದು ಒಂದು. 26 ಚೀಟಿ ಆದವು. ಮೂರು ದಿನದಲ್ಲಿ 19 ಹೋದವು.

ಖಜಾಂಚಿ ಹುಡುಕುವವರಿಗೆ ನಾನು ತೋರಿಸುವುದು ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳನ್ನು. ಅವರಿಗೆ ಠರಾವು ಬರೆಯುವುದು, ಪಾಸ್‌ಬುಕ್ ನೋಡುವುದು, ಸಭೆಯಲ್ಲಿ ಲೆಕ್ಕ ಓದುವುದು ರೂಢಿಯಾಗಿದೆ. ಬಾದಾಮಿ ತಾಲೂಕಿನ ಒಂದು ಭಜನಾ ಮಂಡಳಿ ಹೀಗೆ ಒಬ್ಬ ಅಕ್ಕನನ್ನು ಖಜಾಂಚಿ ಮಾಡಿತು. ಅಕ್ಕ ಸಪ್ತಾಹದ ಕೊನೆಯ ದಿನ ಮೈಕ್ ಹಿಡಿದು ವರ್ಷದ ಖರ್ಚನ್ನು ಸಾಲಾಗಿ ಓದಿದರು. ಹಿಂದಿನಿಂದ ಒಬ್ಬ ಅಜ್ಜ, "ಪೆಂಡಾಲಿಗೆ ಯಾಕ ಅಷ್ಟ ಆತು ತಂಗಿ?" ಎಂದು ಕೇಳಿದರು. ಅಕ್ಕ ಚೀಲದಿಂದ ಬಿಲ್ ತೆಗೆದು ಓದಿದರು. ಅಜ್ಜ ಎದ್ದು ಬಂದು, ಮುಂದಿನ ವರ್ಷದ ಪೆಂಡಾಲು ತನ್ನದು ಎಂದು ಬರೆಸಿ ಹೋದರು.