ಮೂರೂವರೆ ಮಾರಿನ ಗಡಿ: ಮನ್ನಾರ್ ಕೊಲ್ಲಿಯಲ್ಲಿ ಕಡಲು ಕಾಯುವ ಕೆಲಸ ಹೇಗೆ ಗೋಜಲಾಯಿತು

ರಾಮೇಶ್ವರಕ್ಕೆ ಹೋಗುವ ರೈಲು ಪಾಂಬನ್ ಸೇತುವೆ ಏರಿದಾಗ ಬಲಗಡೆಯ ಕಿಟಕಿಯಲ್ಲಿ ಕುಳಿತವರಿಗೆ ನೀರಿನ ನಡುವೆ ಹಸಿರು ಗೆರೆಯಂಥ ದ್ವೀಪವೊಂದು ಕಾಣುತ್ತದೆ. ಅದು ಕುರುಸಡೈ. ಕಾಶಿ-ರಾಮೇಶ್ವರ ಎಂದು ಒಂದೇ ಉಸಿರಿನಲ್ಲಿ ಹೇಳುವ ನಮ್ಮ ಕಡೆಯ ಯಾತ್ರಿಕರಲ್ಲಿ ಅದನ್ನು ಕಂಡವರು ಬಹಳ, ಹೆಸರು ಕೇಳಿದವರು ಕಡಿಮೆ. ಅಲ್ಲಿಂದ ತೂತ್ತುಕುಡಿಯವರೆಗೆ ಸುಮಾರು 160 ಕಿ.ಮೀ. ಉದ್ದಕ್ಕೆ ಇಂಥ 21 ಪುಟ್ಟ ದ್ವೀಪಗಳು ತೀರಕ್ಕೆ ಸಮನಾಗಿ ಸರದಂತೆ ಹಬ್ಬಿವೆ. ಪ್ರತಿ ದ್ವೀಪದ ಸುತ್ತ ಹವಳದ ದಿಬ್ಬಗಳು, ಅವುಗಳ ನಡುವೆ ಕಡಲಹುಲ್ಲಿನ ಹಾಸು.

ಈ ಸರದ ಸುತ್ತಲಿನ 560 ಚದರ ಕಿ.ಮೀ. ಕಡಲೇ ಮನ್ನಾರ್ ಕೊಲ್ಲಿ ಕಡಲ ರಾಷ್ಟ್ರೀಯ ಉದ್ಯಾನ. ಇಲ್ಲಿ ಕಡಲಪಾಚಿ ಕೀಳಲು ಹೋದ ಹೆಂಗಸರನ್ನು ತಡೆದರು ಎಂಬ ಸುದ್ದಿ ಒಮ್ಮೆ ಬರುತ್ತದೆ. ಇನ್ನೊಮ್ಮೆ ಶ್ರೀಲಂಕಾಕ್ಕೆ ಸಾಗಿಸಲು ಒಣಗಿಸಿಟ್ಟ ಕಡಲಸೌತೆ (ಕಡಲತಳದಲ್ಲಿ ಬದುಕುವ, ಸೌತೆಕಾಯಿ ಆಕಾರದ ಮೆತ್ತನೆಯ ಪ್ರಾಣಿ) ಸಿಕ್ಕಿಬಿತ್ತು ಎಂದು ಬರುತ್ತದೆ. ಹವಳ ಬಿಳಿಚಿದೆ, ದ್ವೀಪ ಕರಗುತ್ತಿದೆ ಎಂಬ ವರದಿಗಳು ಬೇಸಿಗೆಯಲ್ಲಿ ಬರುತ್ತವೆ. ಬಿಡಿಬಿಡಿಯಾಗಿ ಓದಿದರೆ ಯಾವುದಕ್ಕೂ ತಲೆಬುಡ ತಿಳಿಯುವುದಿಲ್ಲ. ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುತ್ತಿನ ಕಾಲವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಕೊರ್ಕೈಯ ಪಾಂಡ್ಯರ ನಂತರ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಸರದಿಯಲ್ಲಿ ಬಂದು ಇಲ್ಲಿನ ಮುಳುಗುಗಾರರ ಉಸಿರಿನ ಮೇಲೆ ಖಜಾನೆ ತುಂಬಿಸಿಕೊಂಡರು, ತೂತ್ತುಕುಡಿಯ ಕೊನೆಯ ಮುತ್ತಿನ ಬೇಟೆ 1961ರಲ್ಲಿ ಮುಗಿಯಿತು. ಚಿಪ್ಪುಗಳಿರುವ ನೆಲೆ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವವರು ದಡದ ಮೇಲಿನ ಅಧಿಕಾರಿಗಳು, ನೀರಿಗಿಳಿಯುವವರು ಬೇರೆಯವರು. ಈ ಏರ್ಪಾಡಿನ ನೆನಪು ಇಲ್ಲಿ ಹೊಸದಲ್ಲ.

ಮುತ್ತು ಮುಗಿಯುವ ಹೊತ್ತಿಗೆ ಹವಳಕ್ಕೇ ಬೆಲೆ ಬಂದಿತ್ತು. ಹವಳವೆಂದರೆ ಸುಣ್ಣ. ಸುಣ್ಣದ ಭಟ್ಟಿಗೆ, ರಸ್ತೆಗೆ, ಕಾರ್ಖಾನೆಗಳಿಗೆ ದಿಬ್ಬಗಳನ್ನು ಗುದ್ದಲಿ ಹಾಕಿ ಕಿತ್ತು ದೋಣಿ ತುಂಬಿದರು. 1970ರ ದಶಕದ ಆರಂಭದಲ್ಲಿ ಮನ್ನಾರ್ ಮತ್ತು ಅದರ ಉತ್ತರಕ್ಕಿರುವ ಪಾಕ್ ಕೊಲ್ಲಿಗಳಿಂದ ವರ್ಷಕ್ಕೆ ಸುಮಾರು 25 ಸಾವಿರ ಟನ್ ಹವಳ ಹೋಗುತ್ತಿತ್ತು ಎಂಬುದು ಆಗಿನ ವಿಜ್ಞಾನಿಗಳ ಅಂದಾಜು. ಕೂಲಿಗೆ ಕಿತ್ತವರು ತೀರದ ಬಡವರು, ಕಟ್ಟಡವಾಗಿ ನಿಂತದ್ದು ಊರೊಳಗೆ. ತೆರೆಯ ಹೊಡೆತ ತಾಳುವ ಗೋಡೆ ಹೋದ ಮೇಲೆ ಮರಳಿನ ದ್ವೀಪ ನಿಲ್ಲುವುದು ಯಾವುದರ ಆಸರೆಯಲ್ಲಿ? ವಿಲಾಂಗುಚಲ್ಲಿ ಮತ್ತು ಪೂವರಸನ್‌ಪಟ್ಟಿ ಎಂಬ ಎರಡು ದ್ವೀಪಗಳು ನೀರಿನೊಳಗೇ ಹೋದವು. 21 ಎಂದು ಕಾಗದದಲ್ಲಿದ್ದರೂ ಮೇಲೆ ಕಾಣುವುದು 19.

ಇದೇ ಕಾಲಕ್ಕೆ ಟ್ರಾಲ್ ಬೋಟುಗಳು ಬಂದವು, ನೆಲ ಗುಡಿಸುವ ಬಲೆ ಬಂತು, ನಾಡದೋಣಿಯವರಿಗೂ ಬೋಟಿನವರಿಗೂ ಜಗಳ ಹತ್ತಿತು. ರಾಮನಾಥಪುರದ ಕಡೆ ವಾರದ ದಿನಗಳನ್ನೇ ಹಂಚಿಕೊಂಡು, ಮೂರು ದಿನ ಬೋಟಿಗೆ, ನಾಲ್ಕು ದಿನ ದೋಣಿಗೆ ಎಂಬ ಪದ್ಧತಿ ರೂಢಿಗೆ ಬಂತು. ಅದು ಬೇರೆಯೇ ದೊಡ್ಡ ಕತೆ.

1986ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಈ ದ್ವೀಪಗಳನ್ನೂ ಸುತ್ತಲಿನ ನೀರನ್ನೂ ರಾಷ್ಟ್ರೀಯ ಉದ್ಯಾನ ಮಾಡುವ ಅಧಿಸೂಚನೆ ಹೊರಡಿಸಿತು. ಗಡಿ ಹಾಕಿದ್ದು ಆಳದ ಲೆಕ್ಕದಲ್ಲಿ: ದಡದ ಕಡೆಗೆ ಮೂರೂವರೆ ಮಾರು, ಹೊರಗಡಲ ಕಡೆಗೆ ಐದು ಮಾರು ಆಳದವರೆಗೆ (ಒಂದು ಮಾರೆಂದರೆ ಸುಮಾರು ಆರು ಅಡಿ). ಕಾಡಿನಲ್ಲಾದರೆ ಕಂದಕ ತೋಡಬಹುದು, ಕಲ್ಲು ನೆಡಬಹುದು. ನೀರಿನ ಮೇಲೆ ಮೂರೂವರೆ ಮಾರು ಎಲ್ಲಿ ಮುಗಿಯಿತೆಂದು ಹುಟ್ಟು ಹಾಕುವವನಿಗೆ ತಿಳಿಯುವುದು ಹೇಗೆ?

1972ರ ವನ್ಯಜೀವಿ ಕಾಯ್ದೆಯ ಕ್ರಮವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ತಕರಾರೆಲ್ಲ ಇದರಲ್ಲೇ ಇದೆ. ಮೊದಲು ಸರ್ಕಾರ ತನ್ನ ಉದ್ದೇಶ ಪ್ರಕಟಿಸುತ್ತದೆ. ಆ ಜಾಗದಲ್ಲಿ ಯಾರಿಗೆ ಯಾವ ಹಕ್ಕಿದೆ ಎಂದು ಜಿಲ್ಲಾಧಿಕಾರಿ ಡಂಗುರ ಹೊಡೆಸಿ ವಿಚಾರಿಸಬೇಕು. ಹಕ್ಕುಗಳ ಲೆಕ್ಕ ಚುಕ್ತಾ ಆದ ಮೇಲೆ ಅಂತಿಮ ಘೋಷಣೆ. ಧಾಮವಾದರೆ ಕೆಲವು ಹಕ್ಕುಗಳನ್ನು ಮುಂದುವರಿಸಲು ಜಿಲ್ಲಾಧಿಕಾರಿಗೆ ಅವಕಾಶವಿದೆ. ರಾಷ್ಟ್ರೀಯ ಉದ್ಯಾನವಾದರೆ ಇಲ್ಲ. 1986ರಲ್ಲಿ ಹೊರಟದ್ದು ಮೊದಲ ಮೆಟ್ಟಿಲಿನ, ಅಂದರೆ ಉದ್ದೇಶದ ಅಧಿಸೂಚನೆ, ಅದೂ ರಾಷ್ಟ್ರೀಯ ಉದ್ಯಾನದ್ದು. ಭೂಮಿಯಾದರೆ ಪಹಣಿ ಇರುತ್ತದೆ, ಕಂದಾಯದ ರಸೀದಿ ಇರುತ್ತದೆ. ತಲೆಮಾರುಗಳಿಂದ ಒಂದು ದಿಬ್ಬದ ಮೇಲೆ ಉಸಿರು ಬಿಗಿಹಿಡಿದು ಮುಳುಗಿದ್ದಕ್ಕೆ ರಸೀದಿ ಕೊಟ್ಟವರಿಲ್ಲ.

1989ರಲ್ಲಿ ಇದೇ ಉದ್ಯಾನವನ್ನು ನಡುವಿನ ತಿರುಳಾಗಿಟ್ಟುಕೊಂಡು 10,500 ಚದರ ಕಿ.ಮೀ. ಜೀವಗೋಳ ಮೀಸಲು ಪ್ರದೇಶ ಘೋಷಣೆಯಾಯಿತು. 1991ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು: ಕರಾವಳಿ ನೀರನ್ನು ಧಾಮಕ್ಕೆ ಸೇರಿಸುವಾಗ ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯುವ ಕ್ರಮ ಮೊದಲು ಕೈಗೊಂಡು ಆಮೇಲೆ ಗಡಿ ನಿಗದಿ ಮಾಡಬೇಕು. ಒಳ್ಳೆಯ ಮಾತು. ಮನ್ನಾರ್‌ಗೆ ಅದು ಐದು ವರ್ಷ ತಡವಾಗಿ ಬಂತು.

ಹಾಗೆಂದು 1986ರ ಮರುದಿನ ಯಾರನ್ನೂ ತಡೆಯಲಿಲ್ಲ. ಹದಿನಾಲ್ಕು ಹದಿನೈದು ವರ್ಷ ಉದ್ಯಾನ ಇದ್ದದ್ದು ಹೆಚ್ಚಾಗಿ ಕಾಗದದ ಮೇಲೆ. ಹೆಂಗಸರು ದ್ವೀಪಗಳಿಗೆ ಹೋಗಿ ಬರುತ್ತಿದ್ದರು, ಗಂಡಸರು ಅಲ್ಲೇ ಬಲೆ ಒಣಗಿಸುತ್ತಿದ್ದರು, ಹವಳವೂ ಹೋಗುತ್ತಲೇ ಇತ್ತು. ಬದಲಾದದ್ದು 2000ದ ನಂತರ. ಆ ವರ್ಷ ಮೀಸಲು ಪ್ರದೇಶಕ್ಕೊಂದು ಟ್ರಸ್ಟ್ ರಚನೆಯಾಯಿತು, ಆಮೇಲೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ಅಂತರರಾಷ್ಟ್ರೀಯ ನಿಧಿ ಬಂತು, ಗಸ್ತಿನ ದೋಣಿ ಬಂತು. 2001ರ ಜುಲೈನಲ್ಲಿ ಹವಳಗಳನ್ನೂ ಎಲ್ಲ ಬಗೆಯ ಕಡಲಸೌತೆಗಳನ್ನೂ ಕಾಯ್ದೆಯ ಮೊದಲ ಅನುಸೂಚಿಗೆ, ಹುಲಿಯ ಸಾಲಿಗೆ, ಸೇರಿಸಲಾಯಿತು. ಹವಳ ಗಣಿಗಾರಿಕೆ 2005ರ ಹೊತ್ತಿಗೆ ನಿಂತಿತು. ಇದನ್ನು ಯಾರೂ ಅಲ್ಲಗಳೆಯಬಾರದು, ದೊಡ್ಡ ಕೆಲಸ ಅದು. ಆದರೆ ಅದೇ ಗಸ್ತಿನ ದೋಣಿ ಪಾಚಿಯ ಹೆಂಗಸರ ಎದುರಿಗೂ ನಿಂತಿತು.

ಈ ಹೆಂಗಸರ ವಿಷಯವನ್ನು ಅವಸರದಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ನಾವು ಅಂಗಡಿಯಿಂದ ತರುವ ಅಗರ್, ಐಸ್‌ಕ್ರೀಂ ಗಟ್ಟಿಯಾಗಿಸುವ ಅಂಟು, ಕೆಲವು ಔಷಧಗಳ ಕವಚ ಇವೆಲ್ಲದರ ಹಿಂದೆ ಕಡಲಪಾಚಿ ಇದೆ. ಅದನ್ನು ಕೀಳುವ ಕಸುಬು ರಾಮನಾಥಪುರದ ತೀರದಲ್ಲಿ 1960-70ರ ದಶಕಗಳಲ್ಲಿ ಕಾರ್ಖಾನೆಗಳ ಬೇಡಿಕೆಯಿಂದ ಬೆಳೆಯಿತು. ಸೀರೆಯ ಮೇಲೊಂದು ಶರ್ಟು, ಕಣ್ಣಿಗೆ ಮುಳುಗು ಕನ್ನಡಕ, ಕಲ್ಲು ತರಚದಂತೆ ಬೆರಳುಗಳಿಗೆ ಸುತ್ತಿದ ಬಟ್ಟೆಪಟ್ಟಿ, ಸೊಂಟಕ್ಕೆ ಬಲೆಯ ಚೀಲ. ಇಷ್ಟೇ ಸಲಕರಣೆ, ಗಾಳಿಯ ಸಿಲಿಂಡರ್ ಇಲ್ಲ. ಒಂದೊಂದು ಮುಳುಗಿಗೆ ಒಂದೊಂದು ಹಿಡಿ. ಬೆಲೆಬಾಳುವ ‘ಮರಿಕ್ಕೊಳುಂದು’ ಪಾಚಿ ಬೆಳೆಯುವುದು ದ್ವೀಪಗಳ ಸುತ್ತಲಿನ ದಿಬ್ಬಗಳ ಮೇಲೆ, ಅಂದರೆ ಸರಿಯಾಗಿ ಉದ್ಯಾನದ ಒಳಗೆ.

ಇವರ ತೊಡಕು ಇನ್ನೂ ಒಂದಿತ್ತು. ಮೀನುಗಾರರೆಂದರೆ ದೋಣಿ ಇದ್ದವರು, ಬಲೆ ಇದ್ದವರು ಎಂದು ಪಟ್ಟಿಗಳು ನಂಬಿದ್ದವು. ಬರಿಗೈಯಲ್ಲಿ ಮುಳುಗುವ ಹೆಂಗಸು ಯಾವ ಪಟ್ಟಿಯಲ್ಲೂ ಇರಲಿಲ್ಲ. ಲೆಕ್ಕದಲ್ಲಿಲ್ಲದವರ ಹಕ್ಕನ್ನು ವಿಚಾರಿಸುವುದು ಎಲ್ಲಿಂದ? ದಂಡ ಹಾಕುವಾಗ, ಚೀಲ ಕಸಿಯುವಾಗ ಮಾತ್ರ ಅವರು ಲೆಕ್ಕಕ್ಕೆ ಬಂದರು.

ಹಳ್ಳಿಹಳ್ಳಿಯ ಹೆಂಗಸರು ಸೇರಿ ಸಂಘ ಕಟ್ಟಿದರು, ತಮಗೆ ತಾವೇ ಕಟ್ಟಲೆ ಹಾಕಿಕೊಂಡರು. ಹುಣ್ಣಿಮೆ ಅಮಾವಾಸ್ಯೆಯ ಲೆಕ್ಕ ಹಿಡಿದು ತಿಂಗಳಿಗೆ ಹನ್ನೆರಡು ದಿನ ಮಾತ್ರ ಕಡಲಿಗೆ. ಕೆರೆಯುವ ಲೋಹದ ಸಲಕರಣೆ ಮುಟ್ಟುವಂತಿಲ್ಲ. ಬೇಸಿಗೆಯ ಮೀನುಗಾರಿಕೆ ನಿಷೇಧದ ದಿನಗಳಲ್ಲಿ, ತಮಗೆ ಅನ್ವಯಿಸದಿದ್ದರೂ, ಪಾಚಿಗೂ ರಜೆ. 2015ರಲ್ಲಿ ಪಾಂಬನ್ ಬಳಿಯ ಚಿನ್ನಪಾಲಂನ ಲಕ್ಷ್ಮಿ ಎಂಬ ಪಾಚಿಗಾರ್ತಿಗೆ ಅಮೆರಿಕದ ಸೀಕಾಲಜಿ ಸಂಸ್ಥೆ ತನ್ನ ವಾರ್ಷಿಕ ಪ್ರಶಸ್ತಿ ಕೊಟ್ಟಿತು, ದ್ವೀಪದ ಪರಿಸರ ಕಾಯ್ದದ್ದಕ್ಕಾಗಿ. ಹೊರದೇಶ ರಕ್ಷಕಿ ಎಂದ ಕೆಲಸವನ್ನು ಇಲ್ಲಿನ ಉದ್ಯಾನದ ಕಾನೂನು ಅತಿಕ್ರಮಣ ಎನ್ನುತ್ತದೆ. ಈ ಎರಡು ಮಾತುಗಳ ನಡುವಿನ ಅಂತರವನ್ನು ತುಂಬುವ ಕಾಗದ ಇಷ್ಟು ವರ್ಷಗಳಲ್ಲಿ ಸಿದ್ಧವಾಗಬೇಕಿತ್ತು.

ಅರಣ್ಯ ಸಿಬ್ಬಂದಿಯ ಪಾಡನ್ನೂ ನೋಡಬೇಕು. ಕಡಲಸೌತೆ ಹಿಡಿಯುವುದು ಇಲ್ಲಿ ಅಪರಾಧ, ಎದುರಿನ ಶ್ರೀಲಂಕಾದಲ್ಲಿ ಪರವಾನಗಿ ಪಡೆದು ಮಾಡಬಹುದಾದ ವ್ಯಾಪಾರ. ನಡುವೆ ಕೆಲವೇ ಗಂಟೆಗಳ ದೋಣಿಪ್ರಯಾಣ. ಬೇಯಿಸಿ ಒಣಗಿಸಿದ ಸರಕು ರಾತ್ರೋರಾತ್ರಿ ದಾಟುತ್ತದೆ. 1988ರಲ್ಲೇ ತೂತ್ತುಕುಡಿಯ ಸಂಶೋಧನಾ ಕೇಂದ್ರದಲ್ಲಿ ಕಡಲಸೌತೆಯ ಮರಿ ಮಾಡಿಸಿದ್ದರು. ಆ ದಾರಿ ಸಾಕಣೆಯಾಗಿ ಬೆಳೆಯುವ ಮೊದಲೇ ಪೂರ್ತಿ ನಿಷೇಧ ಬಂತು. ಹಿಡಿದು ಬದುಕುತ್ತಿದ್ದವರಲ್ಲಿ ಕೆಲವರು ಕಸುಬು ಬಿಟ್ಟರು, ಕೆಲವರು ಕತ್ತಲೆಗೆ ಸರಿದರು.

ಪಾಚಿ ಕೀಳುವುದು ಬೇಡ, ಬೆಳೆಸಿ ಎಂಬ ಸಲಹೆಯೂ ಇದೇ ಕಾಲದ್ದು. ತಂದದ್ದು ಕಪ್ಪಾಫೈಕಸ್ ಎಂಬ ಪರದೇಶದ ತಳಿ. ಬಿದಿರಿನ ತೆಪ್ಪಕ್ಕೆ ಕಟ್ಟಿದರೆ ಒಂದೂವರೆ ತಿಂಗಳಲ್ಲಿ ಕೊಯ್ಲು. ಪಾಕ್ ಕೊಲ್ಲಿಯ ಕಡೆ ಸಾವಿರಾರು ಮನೆಗಳಲ್ಲಿ ಇದರಿಂದ ಒಲೆ ಉರಿದದ್ದು ನಿಜ. 2008ರ ಹೊತ್ತಿಗೆ ಅದೇ ತಳಿ ಕುರುಸಡೈ ಸುತ್ತಲಿನ ಹವಳದ ಮೇಲೆ ಹೊದಿಕೆಯಂತೆ ಹರಡಿ ಉಸಿರು ಕಟ್ಟಿಸುತ್ತಿರುವುದು ಕಂಡಿತು. ಈಗಲೂ ಕೈಯಿಂದ ಕಿತ್ತು ತೆಗೆಯುವುದೇ ಇದಕ್ಕೆ ಮದ್ದು. 2023ರಲ್ಲಿ ರಾಮನಾಥಪುರ ಜಿಲ್ಲೆಯ ವಲಮಾವೂರಿನಲ್ಲಿ ಕಡಲಪಾಚಿ ಪಾರ್ಕ್‌ಗೆ ಶಂಕುಸ್ಥಾಪನೆಯಾಯಿತು. ಎಲ್ಲಿ ಬೆಳೆಸಬೇಕು, ಹವಳದಿಂದ ಎಷ್ಟು ದೂರ ಎಂಬ ಪ್ರಶ್ನೆ ಅದರೊಂದಿಗೆ ಮತ್ತೆ ಎದ್ದಿದೆ.

2005ರಲ್ಲಿ ಶುರುವಾದ ಸೇತುಸಮುದ್ರ ಕಾಲುವೆ ಯೋಜನೆ ಎಲ್ಲರಿಗೂ ಗೊತ್ತು. 167 ಕಿ.ಮೀ. ಉದ್ದದ ಹಡಗುದಾರಿಗೆ ಹೂಳೆತ್ತಿದರೆ ಕೆಸರು ಹವಳದ ಮೇಲೆ ಕೂರುತ್ತದೆ ಎಂದು ಮೀನುಗಾರರೂ ವಿಜ್ಞಾನಿಗಳೂ ಮೊದಲಿಂದ ಹೇಳುತ್ತಿದ್ದರು. 2007ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗ ದೇಶದ ಗಮನವೆಲ್ಲ ರಾಮಸೇತುವಿನ ಕಡೆಗಿತ್ತು. ಕೆಲಸ ನಿಂತಿತು, ಹವಳದ ಮಾತು ಚರ್ಚೆಗೆ ಬರದೆಯೇ ಉಳಿಯಿತು.

ಇಷ್ಟರ ಮೇಲೆ ಬಿಸಿ. 1998, 2010, 2016ರಲ್ಲಿ ನೀರು ಕಾದು ಹವಳ ಬಿಳಿಚಿತು. 2016ರ ಒಂದು ಬೇಸಿಗೆಯಲ್ಲೇ ಜೀವಂತ ಹವಳದ ಹೊದಿಕೆ ಶೇ 39ರ ಆಸುಪಾಸಿನಿಂದ ಶೇ 23ಕ್ಕೆ ಇಳಿಯಿತು. ಇದಕ್ಕೆ ಗಸ್ತಿನ ದೋಣಿ ಏನು ಮಾಡೀತು? ತೂತ್ತುಕುಡಿ ಬಳಿಯ ವಾನ್ ದ್ವೀಪ 1986ರಲ್ಲಿ ಸುಮಾರು 16 ಹೆಕ್ಟೇರ್ ಇತ್ತು. ಮೂರು ದಶಕಗಳಲ್ಲಿ ಕೆಲವೇ ಹೆಕ್ಟೇರಿಗೆ ಕರಗಿತು. 2015ರಿಂದ ಅದರ ಎದುರು ಸಿಮೆಂಟಿನ ಕೃತಕ ದಿಬ್ಬಗಳನ್ನು ಇಳಿಸಿ ತೆರೆಯ ರಭಸ ತಗ್ಗಿಸಿದ್ದಾರೆ. ಸುಣ್ಣಕ್ಕಾಗಿ ಹವಳ ಕಿತ್ತ ಕಡಲಿಗೆ ಈಗ ಸಿಮೆಂಟು ಹೊತ್ತು ಹೋಗಬೇಕಾಗಿದೆ.

2022ರ ಸೆಪ್ಟೆಂಬರಿನಲ್ಲಿ ಪಕ್ಕದ ಪಾಕ್ ಕೊಲ್ಲಿಯ 448 ಚದರ ಕಿ.ಮೀ. ನೀರನ್ನು ಕಡಲಹಸುವಿಗಾಗಿ (ಕಡಲಹುಲ್ಲು ಮೇಯುವ ಸಸ್ತನಿ, ಡುಗಾಂಗ್) ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಆಯ್ದ ಹೆಸರನ್ನು ಗಮನಿಸಿ: ಉದ್ಯಾನವಲ್ಲ, ಮೀಸಲು. ಕಾಯ್ದೆಯ ಪ್ರಕಾರ ಸಂರಕ್ಷಣಾ ಮೀಸಲಿಗೆ ಸ್ಥಳೀಯರ ಜೊತೆ ಸಮಾಲೋಚನೆ ಆಗಲೇಬೇಕು, ಅವರ ಹಕ್ಕು ಉಳಿಯುತ್ತದೆ. ಬಲೆಗೆ ಬಿದ್ದ ಕಡಲಹಸುವನ್ನು ಬಲೆ ಕತ್ತರಿಸಿ ಬಿಟ್ಟ ಮೀನುಗಾರರು ಆ ತೀರದಲ್ಲಿದ್ದಾರೆ. ಮನ್ನಾರ್‌ನ ಪಾಠ ಮೂವತ್ತಾರು ವರ್ಷಗಳ ಮೇಲೆ ಹತ್ತಿರದ ಕೊಲ್ಲಿಗೆ ಮುಟ್ಟಿದೆ ಎಂದುಕೊಳ್ಳೋಣ.

ನಮ್ಮ ಹೊನ್ನಾವರದ ಅಪ್ಸರಕೊಂಡ–ಮುಗಳಿ ತೀರವೂ ಈಗ ಕಡಲ ಧಾಮವಾಗಿ ಗುರುತಾಗಿದೆ. ಅಲ್ಲಿನ ಅಧಿಸೂಚನೆ ಕೈಗೆ ಸಿಕ್ಕವರು ಮೊದಲು ನೋಡಬೇಕಾದದ್ದು ಮೂರು: ಅದು ಉದ್ದೇಶದ ಮೆಟ್ಟಿಲಲ್ಲಿದೆಯೇ ಅಂತಿಮವೇ, ದೋಣಿಯಲ್ಲಿ ನಿಂತವರಿಗೂ ತಿಳಿಯುವ ಗಡಿಗುರುತು ಯಾವುದು, ಹಕ್ಕುಗಳ ಪಟ್ಟಿಯಲ್ಲಿ ಬೋಟಿನ ಮಾಲೀಕರ ಜೊತೆಗೆ ಬಳಚು ಎಂಬ ಚಿಪ್ಪುಜೀವಿ ಆರಿಸುವ ಹೆಂಗಸರ ಹೆಸರೂ ಇದೆಯೇ.