ಧಾರವಾಡಕ್ಕೆ ಯಾರನ್ನು ಕಳಿಸೋಣ?

ನಮ್ಮ ವಿಜಯಪುರದ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಅನ್ನುತ್ತಾರೆ. ಅಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಇದೆ, ಅದಕ್ಕೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೊನ್ನೆ ಗಾಂಧಿ ಚೌಕದಲ್ಲಿ ಚಹಾ ಕುಡಿಯುವಾಗ ಗೆಳೆಯರೊಬ್ಬರು ಯಾವುದೋ ದೇಶದ ನಾಯಕರ ಸುದ್ದಿ ಓದಿ ಇದನ್ನೇ ಅಂದರು. ಜೊತೆಗೊಂದು ಪ್ರಶ್ನೆ: “ಬಸ್ ಡ್ರೈವರ್‌ಗೆ ಕಣ್ಣಿನ ಪರೀಕ್ಷೆ ಮಾಡ್ತಾರ. ದೇಶಾ ನಡಸವ್ರಿಗೆ ತಲಿ ಪರೀಕ್ಷೆ ಯಾಕ ಬ್ಯಾಡ?”

ಕಣ್ಣಿಗೆ ಅಕ್ಷರದ ಬೋರ್ಡ್ ಇದೆ. ಮನಸ್ಸಿಗೆ ಅಂಥದ್ದು ಇಲ್ಲ. 2018ರಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್‌ಗೆ ಒಂದು ಪರೀಕ್ಷೆಯಲ್ಲಿ 30ಕ್ಕೆ 30 ಬಂತು. ಅದು ಮಾಂಟ್ರಿಯಲ್‌ನಲ್ಲಿ ಹುಟ್ಟಿದ ‘ಮೋಕಾ’. ಗಡಿಯಾರ ಬಿಡಿಸಬೇಕು, ಪ್ರಾಣಿಗಳ ಹೆಸರು ಹೇಳಬೇಕು, ಐದು ಪದ ನೆನಪಿಟ್ಟುಕೊಂಡು ಆಮೇಲೆ ಒಪ್ಪಿಸಬೇಕು. ಮರೆವಿನ ಕಾಯಿಲೆ ಶುರುವಾಗಿದೆಯಾ ಅಂತ ಸುಳಿವು ಹಿಡಿಯಲು ಒಳ್ಳೆಯದು. ಖಿನ್ನತೆ, ದುಡುಕು, ಸೊಕ್ಕು ಇವಕ್ಕೆಲ್ಲ ಅಲ್ಲಿ ಅಂಕವೇ ಇಲ್ಲ.

ಇರಲಿ, ಭರ್ಜರಿ ಪರೀಕ್ಷೆಯೊಂದು ಸಿಕ್ಕೇ ಬಿಟ್ಟಿತು ಅಂದುಕೊಳ್ಳೋಣ. ನೂರಕ್ಕೆ 90 ಸಲ ಸರಿ ಹೇಳುತ್ತದೆ. ಸಾವಿರ ನಾಯಕರನ್ನು ಕೂರಿಸಿದೆವು. ಅವರಲ್ಲಿ 20 ಮಂದಿಗೆ ಅಧಿಕಾರ ನಡೆಸಲಾಗದಷ್ಟು ಕಾಯಿಲೆ ಇದೆ ಅನ್ನಿ. ಪರೀಕ್ಷೆ 18 ಮಂದಿಯನ್ನು ಹಿಡಿಯಿತು. ಶಭಾಷ್! ಆದರೆ ಚೆನ್ನಾಗಿರುವ 980 ಮಂದಿಯಲ್ಲೂ ನೂರಕ್ಕೆ 10ರಂತೆ 98 ಮಂದಿಗೆ ‘ಕಾಯಿಲೆ ಇದೆ’ ಅಂದಿತು. ಒಟ್ಟು 116 ಮಂದಿಗೆ ಮುದ್ರೆ ಬಿತ್ತು, ನಿಜವಾದ ರೋಗಿಗಳು 18.

ನಮ್ಮವ್ವ ಕನ್ನಡಕ ಇಲ್ಲದೆ ಜೋಳ ಹಸನು ಮಾಡುತ್ತಿದ್ದಳು. ಕಲ್ಲು ಎಲ್ಲೋ ನಾಲ್ಕು ಇರುತ್ತಿದ್ದವು. ಕಲ್ಲೆಂದು ಅಂಗಳಕ್ಕೆ ಎಸೆದದ್ದರಲ್ಲಿ ಜೋಳವೇ ಜಾಸ್ತಿ. ಕೋಳಿಗಳಿಗೆ ಹಬ್ಬ. ತಪ್ಪು ಅವಳ ಕಣ್ಣಿನದಷ್ಟೇ ಅಲ್ಲ, ಕಲ್ಲು ಕಡಿಮೆ ಇದ್ದದ್ದೂ ಕಾರಣ. ತೋಟದ ನಾಯಿಯದ್ದೂ ಇದೇ ಕಥೆ. ಕಳ್ಳ ಬರುವುದು ವರ್ಷಕ್ಕೊಮ್ಮೆ, ದಾರಿಹೋಕರು ದಿನಾ ಬರುತ್ತಾರೆ. ನಾಯಿ ಎಷ್ಟೇ ಚುರುಕಿರಲಿ, ಬೊಗಳಿದಾಗ ಎದ್ದು ನೋಡಿದರೆ ಬಾಜು ಹೊಲದವನೇ ನಿಂತಿರುತ್ತಾನೆ. ಅಪರೂಪದ್ದನ್ನು ಹುಡುಕುವಾಗ ತಪ್ಪು ಗಂಟೆಯೇ ಜಾಸ್ತಿ ಹೊಡೆಯುತ್ತದೆ. ಆರಾರು ತಿಂಗಳಿಗೆ ಪರೀಕ್ಷೆ ಇಟ್ಟರೆ ತಪ್ಪು ಗಂಟೆಗಳೂ ಕೂಡುತ್ತಾ ಹೋಗುತ್ತವೆ.

ಆ 98 ಮಂದಿಯ ಚೀಟಿ ವಿರೋಧಿಗಳ ಕೈಗೆ ಸಿಕ್ಕರೆ? 1964ರಲ್ಲಿ ಚೀಟಿಯೇ ಬೇಕಾಗಲಿಲ್ಲ. ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಗೋಲ್ಡ್‌ವಾಟರ್ ಬಗ್ಗೆ ಪತ್ರಿಕೆಯೊಂದು 12,356 ಮನೋವೈದ್ಯರಿಗೆ ಪತ್ರ ಬರೆಯಿತು. 2,417 ಮಂದಿ ಉತ್ತರಿಸಿದರು. 1,189 ಮಂದಿ ಅವರು ಅಧ್ಯಕ್ಷರಾಗಲು ಯೋಗ್ಯರಲ್ಲ ಅಂದರು. ಪರೀಕ್ಷೆ ಮಾಡದೆ, ಸುಮ್ನೆ ದೂರದಿಂದ! ಗೋಲ್ಡ್‌ವಾಟರ್ ಕೇಸ್ ಹಾಕಿ ಗೆದ್ದರು. 1973ರಲ್ಲಿ ಅಲ್ಲಿನ ಮನೋವೈದ್ಯರ ಸಂಘ, ತಾವು ನೋಡದ ವ್ಯಕ್ತಿಯ ಮನಸ್ಸಿನ ಬಗ್ಗೆ ತೀರ್ಪು ಕೊಡಬಾರದು ಎಂದು ನಿಯಮ ಮಾಡಿತು. ನಮ್ಮ ಟೀವಿ ಚರ್ಚೆಗಳಿಗೂ ಅದು ಬೇಕಿತ್ತು, ಅಲ್ವಾ?

ಹಾಗಂತ ಗೆಳೆಯರ ಚಿಂತೆ ಸುಳ್ಳಲ್ಲ. ಗೋಲಗುಮ್ಮಟದಲ್ಲಿ ಮಲಗಿರುವ ಮೊಹಮ್ಮದ್ ಆದಿಲ್ ಶಾಹ ಕೊನೆಗಾಲದಲ್ಲಿ ಬಹಳ ವರ್ಷ ಕಾಯಿಲೆ ಬಿದ್ದಿದ್ದ. ರಾಜ್ಯದ ಕೆಲಸ ರಾಣಿ ಬಡೀ ಸಾಹಿಬಾ ಕೈಗೆ ಬಂತು. 1919ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷ ವಿಲ್ಸನ್‌ಗೆ ಪಾರ್ಶ್ವವಾಯು ಹೊಡೆಯಿತು. ಯಾವ ಕಾಗದ ಅವರ ಹತ್ತಿರ ಹೋಗಬೇಕು ಎಂದು ಹೆಂಡತಿ ಈಡಿತ್ ತೀರ್ಮಾನಿಸುತ್ತಿದ್ದರು. ಜನರಿಗೆ ಪೂರ್ತಿ ವಿಷಯ ಹೇಳಲೇ ಇಲ್ಲ.

1967ರಲ್ಲಿ ಜಾರಿಗೆ ಬಂದ ಅಮೆರಿಕದ ಸಂವಿಧಾನದ 25ನೇ ತಿದ್ದುಪಡಿ ನನಗೆ ಹಿಡಿಸುವುದು ಇಲ್ಲೇ. ಅದು ರೋಗದ ಹೆಸರು ಕೇಳುವುದಿಲ್ಲ. ಅಧ್ಯಕ್ಷರಿಗೆ ಕೆಲಸ ಮಾಡಲು ಆಗುತ್ತದಾ, ಇಲ್ವಾ, ಅಷ್ಟೇ. ನಮ್ಮ ಸಂವಿಧಾನದ 102ನೇ ವಿಧಿಯಲ್ಲೂ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಸಂಸದರ ಸ್ಥಾನ ಕಳೆಯಬೇಕಾದರೆ ಅದನ್ನು ನ್ಯಾಯಾಲಯವೇ ಹೇಳಬೇಕು. ಬರೀ ಮಾನಸಿಕ ಕಾಯಿಲೆ ಇದ್ದ ಮಾತ್ರಕ್ಕೆ ಹಾಗೆ ತಿಳಿಯಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಇನ್ನೊಂದು ಭಯವೂ ಇದೆ. ಪೈಲಟ್‌ಗಳಿಗೆ ನಿಯಮಿತ ತಪಾಸಣೆ ಇದ್ದೇ ಇದೆ. ಆದರೂ 2015ರಲ್ಲಿ ಜರ್ಮನಿಯ ಸಹಪೈಲಟ್ ಒಬ್ಬ ತನ್ನ ಕಾಯಿಲೆಯನ್ನು ಕಂಪನಿಗೆ ಹೇಳದೆ ಮುಚ್ಚಿಟ್ಟು, ಆಲ್ಪ್ಸ್ ಬೆಟ್ಟಕ್ಕೆ ವಿಮಾನ ಅಪ್ಪಳಿಸಿದ. 150 ಜನ ಸತ್ತರು. ಹೇಳಿದರೆ ಕೆಲಸ ಹೋಗುತ್ತದೆ ಅನ್ನುವ ಕಡೆ ಯಾರು ಬಾಯಿ ಬಿಡುತ್ತಾರೆ?

ಗೆಳೆಯರು ಇಷ್ಟನ್ನೂ ಕೇಳಿ ಮಿರ್ಚಿ ಭಜಿ ಮುರಿದರು. “ಹಂಗಾರ ಯಾರನ್ನೂ ಧಾರವಾಡಕ್ಕ ಕಳಸೂದು ಬ್ಯಾಡೇನ್ರಿ?”

“ನಾನs ಹೋಗಿ ಬಂದೀನ್ರಿ, ನಿದ್ದಿ ಹತ್ತವಲ್ದಾಗಿತ್ತು” ಅಂದೆ. ಅವರು ಇನ್ನೊಂದು ಚಹಾ ಹೇಳಿದರು.